ಬಣ್ಣ ಬದಲಿಸದ ಬೆಳಕು: ಕರುಳಿನ ಕ್ಯಾನ್ಸರ್ ಪತ್ತೆಯ ಒಂದು ಬೆಂಗಳೂರು ಎಳೆ

ಪ್ರತಿ ವರ್ಷ ಫೆಬ್ರವರಿ 28ರ ಆಸುಪಾಸಿನ ಕನ್ನಡ ವಿಜ್ಞಾನ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಬೆಳಕಿನಿಂದ ಕ್ಯಾನ್ಸರ್ ಪತ್ತೆ ಹಚ್ಚುವ ವಿಧಾನಗಳೆಲ್ಲ ರಾಮನ್ ಪರಿಣಾಮದ ಕೊಡುಗೆ. ಬಾಯಿಯ ಕ್ಯಾನ್ಸರಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ಮಣಿಪಾಲದಲ್ಲಿ ಆ ದಾರಿಯ ಗಟ್ಟಿ ಕೆಲಸ ನಡೆದಿದೆ. ದೊಡ್ಡ ಕರುಳಿನಲ್ಲೂ ಗಂಟು ಮೂಡಿದ ಮೇಲಿನ ಪರೀಕ್ಷೆಗೆ ರಾಮನ್ ರೋಹಿತವನ್ನು ಬಳಸಿ ನೋಡಿದ್ದಾರೆ. ಆದರೆ ಗಂಟು ಮೂಡುವುದಕ್ಕೂ ಮೊದಲಿನ ಸುಳಿವನ್ನು ಓದಿದ ಸಂಶೋಧನೆ ಬೇರೆ ವಂಶದ್ದು. ಅದನ್ನು ರಾಮನ್ ಪರಿಣಾಮ ಪತ್ತೆಯಾದ 1928ರ ಖಾತೆಗೆ ಸೇರಿಸಿದರೆ ರಾಮನ್ ಅವರಿಗೆ ಗೌರವ ಹೆಚ್ಚುವುದಿಲ್ಲ, ಬೆಂಗಳೂರಿನ ಒಂದು ಸಾಧನೆ ಮಾತ್ರ ಮರೆಯಾಗುತ್ತದೆ.

ರಾಮನ್ ಚದುರಿಕೆಯಲ್ಲಿ ಬಣ್ಣ ಬದಲಿಸುವ ಬೆಳಕು ಕೋಟಿಯಲ್ಲಿ ಒಂದು ಪಾಲಿನಷ್ಟು. ಅಮೆರಿಕದಲ್ಲಿ ವಾಡಿಮ್ ಬ್ಯಾಕ್‌ಮನ್ ಮತ್ತು ಹೇಮಂತ್ ರಾಯ್ ಅವರ ತಂಡ ಓದಿದ್ದು ಉಳಿದದ್ದನ್ನು, ಅಂದರೆ ಬಣ್ಣ ಬದಲಿಸದೆ ಹಿಂದಿರುಗುವ ಬೆಳಕನ್ನು. ಕ್ಯಾನ್ಸರ್‌ಕಾರಕ ರಾಸಾಯನಿಕ ಕೊಟ್ಟ ಇಲಿಗಳ ಕರುಳಿನಲ್ಲಿ ಮಾಮೂಲಿ ಗುರುತುಗಳು ಮೂಡುವ ಮೊದಲೇ ಈ ಬೆಳಕು ವ್ಯತ್ಯಾಸ ತೋರಿದ್ದನ್ನು ಅವರು 2004ರಲ್ಲಿ ಪ್ರಕಟಿಸಿದರು. 2008ರ ಅವರ ಪ್ರಬಂಧ ಒಂದೊಂದು ಜೀವಕೋಶದ ಒಳಗೇ ಇಳಿಯಿತು. ಎಚ್‌ಟಿ-29 ಎಂಬ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಜೀನುಗಳನ್ನು ಅಡಗಿಸಿ ರೂಪಿಸಿದ ಬಗೆಗಳು ಸೂಕ್ಷ್ಮದರ್ಶಕಕ್ಕೆ ಒಂದೇ ತರ ಕಂಡವು. ಹಿಂದಿರುಗಿದ ಬೆಳಕಿನ ರೋಹಿತದಲ್ಲಿ ಬೇರೆಬೇರೆಯಾಗಿ ಕಂಡವು.

ಈ ಪ್ರಬಂಧದ ಕರ್ತೃಗಳಲ್ಲಿ ಒಬ್ಬರು ಪ್ರಭಾಕರ ಪ್ರಧಾನ್. ಅದೇ ಹೆಸರು 1994ರಲ್ಲಿ 'ಫಿಸಿಕಲ್ ರಿವ್ಯೂ ಬಿ' ಪತ್ರಿಕೆಯ ಒಂದು ಲೇಖನದ ಮೇಲೂ ಇದೆ, ಜೊತೆಗಿರುವವರು ಎನ್. ಕುಮಾರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ಅದೇ ವರ್ಷ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು ಕುಮಾರ್. ಕರುಳಿನ ಆ ಸಂಶೋಧನೆಯ ಬೇರು ಬೆಂಗಳೂರಿನಲ್ಲಿದೆ ಎಂಬ ನನ್ನ ವಾದಕ್ಕೆ ಈ ಲೇಖನವೇ ಆಧಾರ. ಆಕ್ಷೇಪ ಬರುವುದೂ ಇಲ್ಲಿಗೇ.

ಆಕ್ಷೇಪ ಹೀಗೆ: 1994ರ ಲೇಖನದ ವಸ್ತು ಬೆಳಕನ್ನು ವರ್ಧಿಸುವ ಅಸ್ತವ್ಯಸ್ತ ಮಾಧ್ಯಮ. ಕರುಳಿನ ಕೋಶ ಬೆಳಕನ್ನು ವರ್ಧಿಸುವುದಿಲ್ಲ. ಹಾಗಿದ್ದಮೇಲೆ ಸಂಬಂಧ ಎಲ್ಲಿಂದ? ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಇದು ಸರಿಯೆನಿಸೀತು. ಸಮೀಕರಣವನ್ನು ಓದಬೇಕು. ಪ್ರತಿಫಲನದ ಸಂಭವನೀಯತೆಯ ಆ ಸಮೀಕರಣದಲ್ಲಿ ವರ್ಧನೆಯ ಪದವನ್ನು ಸೊನ್ನೆಯಾಗಿಸಿದರೂ ಅಸ್ತವ್ಯಸ್ತತೆಯ ಪದ ಉಳಿಯುತ್ತದೆ. ಹಾಗೆ ಉಳಿಯುವುದು ಒಂದೇ ಆಯಾಮದ ವಾಹಕದಲ್ಲಿ ರೋಧದ ಏರಿಳಿತ ಕುರಿತು ಕುಮಾರ್ 1985ರಲ್ಲೇ ಒಬ್ಬರೇ ಬರೆದ ಲೇಖನದ ಗಣಿತ. ಅಲ್ಲಿ ಎಲೆಕ್ಟ್ರಾನ್ ಅಲೆ, ಇಲ್ಲಿ ಬೆಳಕಿನ ಅಲೆ. 2008ರ ವಿಧಾನವೂ ಕೋಶವನ್ನು ಒಂದೇ ಆಯಾಮದ ಅಸಂಖ್ಯ ಸಮಾಂತರ ಕಾಲುವೆಗಳ ಕಟ್ಟಾಗಿಯೇ ಎಣಿಸುತ್ತದೆ. ಪ್ರತಿ ಕಾಲುವೆಯಲ್ಲೂ ಹಿಂದಿರುಗುವ ಅಲೆಗಳು ವ್ಯತಿಕರಣಗೊಂಡು ರೋಹಿತದಲ್ಲಿ ಏರಿಳಿತ ತರುತ್ತವೆ. ಅದರಿಂದ ಲೆಕ್ಕ ಹಾಕುವ 'ಅಸ್ತವ್ಯಸ್ತತೆಯ ಬಲ'ವೆಂದರೆ, ವಕ್ರೀಭವನ ಸೂಚ್ಯಂಕದ ಏರಿಳಿತದ ವರ್ಗದ ಸರಾಸರಿಯನ್ನು ಆ ಏರಿಳಿತದ ಸಹಸಂಬಂಧ ದೂರದಿಂದ ಗುಣಿಸಿದ ಬೆಲೆ.

ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. 1994ರ ಲೇಖನಕ್ಕೆ ಮುಖ್ಯವಾದದ್ದು ಬೆಳಕು ಸೆರೆಯಾಗುವಷ್ಟು ಉದ್ದದ ಮಾಧ್ಯಮ. ಕೋಶದ ದಪ್ಪ ಕೆಲವೇ ಮೈಕ್ರಾನ್, ಪ್ರತಿಫಲನ ತೀರ ಕ್ಷೀಣ. ಆದರೆ ಈ ಕ್ಷೀಣ ಪ್ರತಿಫಲನದ ಸ್ಥಿತಿ ಅದೇ ಸಮೀಕರಣದ ಮೊದಲ ಮೆಟ್ಟಿಲು. ಅಲ್ಲಿ ಸರಾಸರಿ ಪ್ರತಿಫಲನ ಅಸ್ತವ್ಯಸ್ತತೆಯ ಬಲಕ್ಕೆ ನೇರ ಅನುಪಾತದಲ್ಲಿರುತ್ತದೆ. ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದ, 200 ನ್ಯಾನೋಮೀಟರಿಗೂ ಕಿರಿದಾದ ಕ್ರೊಮ್ಯಾಟಿನ್ (ಕೋಶಕೇಂದ್ರದೊಳಗಿನ ಡಿಎನ್‌ಎ-ಪ್ರೋಟೀನ್ ಎಳೆ) ಜೋಡಣೆಯ ಸುದ್ದಿ ರೋಹಿತಕ್ಕೆ ಇಳಿಯುವುದು ಈ ಅನುಪಾತದಿಂದಲೇ.

(ರಾಮನ್ ಬಳಗಕ್ಕೆ ಋಣ ತೋರಿಸಲೇಬೇಕೆನ್ನುವವರು ಅವರ ಶಿಷ್ಯ ಜಿ. ಎನ್. ರಾಮಚಂದ್ರನ್ 1943ರಲ್ಲಿ ಪ್ರಭಾವಲಯಗಳ ಬೆಳಕಿನ ಏರಿಳಿತದ ಮೇಲೆ ಬರೆದದ್ದನ್ನು ಓದಲಿ. ಅದೂ ಬಣ್ಣ ಬದಲಿಸದ ಬೆಳಕಿನ ಅಧ್ಯಯನವೇ.)

ಈ ವಂಶನಿರ್ಣಯ ಬರೀ ಪಾಂಡಿತ್ಯದ ಜಗಳವಲ್ಲ. ಕರುಳಿನಲ್ಲಿ ಎಲ್ಲೋ ಕ್ಯಾನ್ಸರಿನ ನೆಲ ಹದವಾಗುತ್ತಿದ್ದರೆ ಅದರ ಗುರುತು ದೂರದ ಗುದನಾಳದ ಕೋಶಗಳಲ್ಲೂ ಇರುತ್ತದೆ ಎಂಬುದು ಈ ತಂಡದ ಆಧಾರ ಕಲ್ಪನೆ. 2012ರಲ್ಲಿ ಅವರು ಗುದನಾಳದ ಕೋಶಗಳಲ್ಲೇ ಅದನ್ನು ಪರೀಕ್ಷಿಸಿದರು. ಬ್ರಷ್ಷಿನಿಂದ ತೆಗೆದ ಕೋಶಗಳನ್ನು ಗಾಜಿನ ಮೇಲೆ ಸವರಿ, ಆಲ್ಕೋಹಾಲಿನಲ್ಲಿ ಸ್ಥಿರಗೊಳಿಸಿದರೆ ಸಾಕು. ಕೊಲೊನೋಸ್ಕೋಪಿಗೆ ಕರುಳನ್ನು ಪೂರ್ತಿ ಬರಿದು ಮಾಡಬೇಕು, ತಜ್ಞರೂ ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಕೋಶ ಸಂಗ್ರಹಿಸಿ, ಗಾಜನ್ನಷ್ಟೇ ಬೆಂಗಳೂರಿಗೆ ಕಳಿಸಿ, ಸಂದೇಹ ಬಂದವರನ್ನು ಮಾತ್ರ ಕೊಲೊನೋಸ್ಕೋಪಿಗೆ ಕರೆಯುವ ಏರ್ಪಾಡು ಈ ಭೌತವಿಜ್ಞಾನದಿಂದ ಸಾಧ್ಯ. ಆದರೆ ಅಮೆರಿಕದ ರೋಗಿಗಳ ಮೇಲೆ ಗೊತ್ತುಪಡಿಸಿದ ಗಡಿರೇಖೆಯನ್ನು ಚಿಕ್ಕಬಳ್ಳಾಪುರದ ಜನಕ್ಕೆ ಹಾಗೆಯೇ ಹೊಂದಿಸಲಾಗದು. ಇಲ್ಲಿನ ಆರೋಗ್ಯವಂತರ ಕೋಶಗಳ ಅಸ್ತವ್ಯಸ್ತತೆಯ ಬಲವನ್ನು ಮೊದಲು ಅಳೆದಿಡಬೇಕು.