ಹಜಾಕಾ ಗಜಗಾ ಆದ ಬಗೆ

ಹೀಬ್ರೂವಿನಲ್ಲಿ 'ಹಜಾಕ್' ಎಂದರೆ ಗಟ್ಟಿ, ಬಲವುಳ್ಳದ್ದು. ಕನ್ನಡ ಬೈಬಲ್ ಓದಿದವರಿಗೆ ಗೊತ್ತಿರುವ ಅರಸ ಹಿಜ್ಕೀಯನ ಹೆಸರಿನಲ್ಲಿ ಇರುವುದೂ ಇದೇ ಧಾತು. ಯೆಹೂದ್ಯರ ಸಭಾಮಂದಿರದಲ್ಲಿ ಅವರ ಧರ್ಮಗ್ರಂಥವಾದ ತೋರಾದ ಒಂದು ಪುಸ್ತಕ ಓದಿ ಮುಗಿದಾಗ ನೆರೆದವರು 'ಹಜಾಕ್' ಎಂದು ದನಿಗೂಡಿಸುವ ರೂಢಿಯೂ ಉಂಟು. ಇದರಿಂದ ಹುಟ್ಟಿದ ನಾಮಪದ 'ಹಜಾಕಾ'. ಬಲದಿಂದ ಹಿಡಿತಕ್ಕೆ, ಹಿಡಿತದಿಂದ ಹಿಡಿದುಕೊಂಡ ವಸ್ತುವಿನ ಮೇಲಿನ ಹಕ್ಕಿಗೆ ಅದು ಜಾರಿದ ಬಗೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ 'ಹಿಡಿ'ಯೂ ಮುಷ್ಟಿಯಿಂದ ಹೊರಟು ಹಿಡಿತವಾಗಿ, ಕೊನೆಗೆ ಕಂದಾಯದ ಕಾಗದಗಳಲ್ಲಿ 'ಹಿಡುವಳಿ'ಯಾಗಿ ಕೂತಿದೆ. ಹಜಾಕಾದ ಪಯಣ ಅಲ್ಲಿಗೇ ಮುಗಿದಿದ್ದರೆ ಅದು ನಿಘಂಟಿನ ಒಂದು ಸಾಲಿಗಷ್ಟೇ ಸಾಕಾಗುತ್ತಿತ್ತು. ಆದರೆ ಈ ಪದ ಮುಂದೊಂದು ಕಾಲಕ್ಕೆ, ಯಾರಿಗೆ ಅದು ಸಲ್ಲದು ಎಂದು ಹಳೆಯ ಕಾನೂನು ಹೇಳಿತ್ತೋ ಅವರ ಕೈಗೇ ಸೇರಿತು. ಎಷ್ಟೋ ಕಡೆ ಸ್ವಂತ ಮನೆ ಹೊಂದುವುದಕ್ಕೇ ಅವಕಾಶವಿಲ್ಲದ ಜನ ಒಡೆಯರ ಶಬ್ದವನ್ನು ತಮ್ಮದಾಗಿಸಿಕೊಂಡರು. ಆ ತಿರುವು ಎದ್ದು ಕಾಣುವುದು 1554ರ ಜೂನ್ ತಿಂಗಳಲ್ಲಿ ಇಟಲಿಯ ಫೆರಾರಾದಲ್ಲಿ ಸೇರಿದ, ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಮತ್ತು ಸಮುದಾಯಗಳ ಪ್ರತಿನಿಧಿಗಳ ಸಭೆ ಬರೆದಿಟ್ಟ ಕಟ್ಟಳೆಗಳಲ್ಲಿ.

ಮೊದಲು ಹಳೆಯ ಅರ್ಥ. ಯೆಹೂದ್ಯರ ಪ್ರಾಚೀನ ಕಾನೂನು ಸಂಗ್ರಹವಾದ ಮಿಶ್ನಾದ 'ಬಾವಾ ಬಾತ್ರಾ' ಭಾಗದ ಮೂರನೆಯ ಅಧ್ಯಾಯ ಶುರುವಾಗುವುದೇ ಒಂದು ಪಟ್ಟಿಯಿಂದ: ಮನೆ, ನೀರಿನ ತೊಟ್ಟಿ, ಗುಂಡಿ, ಗುಹೆ, ಪಾರಿವಾಳದ ಗೂಡು, ಸ್ನಾನಗೃಹ, ಎಣ್ಣೆ ಗಾಣ, ನೀರಾವರಿ ಹೊಲ. ಇವುಗಳ ಹಜಾಕಾ ಮೂರು ವರ್ಷ, ದಿನದಿಂದ ದಿನಕ್ಕೆ ಎಣಿಸಿ. ಹಾಗೆಂದು ಮೂರು ವರ್ಷ ಕೂತವನಿಗೆ ಮನೆ ಧಾರೆಯೆರೆದು ಕೊಡುತ್ತಿದ್ದರು ಎಂದಲ್ಲ. ಹಳೆಯ ಒಡೆಯ ಬಂದು 'ನನ್ನ ಜಾಗದಲ್ಲಿ ನಿನಗೇನು ಕೆಲಸ' ಎಂದು ಕೇಳಿದಾಗ, 'ಇಷ್ಟು ದಿನ ಯಾರೂ ಏನೂ ಅನ್ನಲಿಲ್ಲವಲ್ಲ' ಎಂದಷ್ಟೇ ಹೇಳಿದರೆ ಅವನ ವಾದ ಬಿದ್ದುಹೋಯಿತು. 'ನೀನೇ ಮಾರಿದ್ದೆ', 'ನಿಮ್ಮಪ್ಪ ಮಾರಿದ್ದರು' ಅಥವಾ 'ದಾನವಾಗಿ ಕೊಟ್ಟಿದ್ದೆ' ಎನ್ನಬೇಕು. ಆಗ ಆ ಮೂರು ವರ್ಷ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಯಾಕೆ ಮೂರೇ ವರ್ಷ ಎಂಬುದಕ್ಕೆ ಮಿಶ್ನಾವನ್ನು ಚರ್ಚಿಸುವ ತಾಲ್ಮುಡ್ ಕೊಡುವ ಕಾರಣವಂತೂ ಮನೆಯ ಹಳೆ ಟ್ರಂಕು ತೆರೆದು ನೋಡಿದವರೆಲ್ಲ ಒಪ್ಪುವಂಥದ್ದು. ಜನ ಕ್ರಯಪತ್ರವನ್ನು ಮೂರು ವರ್ಷ ಜೋಪಾನ ಮಾಡುತ್ತಾರೆ, ಆಮೇಲೆ ಮಾಡುವುದಿಲ್ಲ. ಅಂದರೆ ಹಜಾಕಾ ಎಂದರೆ ಕಳೆದುಹೋದ ಪತ್ರದ ಬದಲಿ, ಒಡೆತನಕ್ಕೆ ಒದಗುವ ಪುರಾವೆ. ಹೀಗಾಗಿಯೇ ಕೆಲವರಿಗೆ ಅದು ದಕ್ಕದು ಎಂದು ಮಿಶ್ನಾ ಖಂಡಿತವಾಗಿ ಹೇಳುತ್ತದೆ: ಕುಶಲಕರ್ಮಿಗಳು, ಪಾಲುದಾರರು, ಪಾಲಿಗೆ ಸಾಗುವಳಿ ಮಾಡುವವರು, ಪೋಷಕರು. ಇವರೆಲ್ಲ ಇನ್ನೊಬ್ಬನ ವಸ್ತುವನ್ನು ಅವನ ಒಪ್ಪಿಗೆಯಿಂದಲೇ ಹಿಡಿದುಕೊಂಡವರು. ಅವರು ಎಷ್ಟು ವರ್ಷ ಅಲ್ಲಿದ್ದರೂ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಬಾಡಿಗೆಗೆ ಇದ್ದೇನೆಂದು ತಾನೇ ಒಪ್ಪಿಕೊಂಡವನ ಸ್ಥಿತಿಯೂ ಇದೇ. ತಿಂಗಳು ತಿಂಗಳೂ ಬಾಡಿಗೆ ತೆರುವವನು 'ನೀನು ಮಾರಿದ್ದೆ' ಎನ್ನುವುದಾದರೂ ಹೇಗೆ?

ಆದರೆ ಮಧ್ಯಯುಗದ ಯೂರೋಪಿನ ಯೆಹೂದ್ಯರಲ್ಲಿ ಎಷ್ಟೋ ಜನ ಬಾಡಿಗೆದಾರರೇ ಆಗಿದ್ದರು. ನಗರಗಳಲ್ಲಿ ಅವರಿಗೆ ಇರಲು ಬಿಟ್ಟ ಮನೆಗಳು ಕೆಲವೇ, ಕೇಳುವವರು ಹಲವರು, ಒಡೆಯರು ಕ್ರೈಸ್ತರು. ಇಂಥ ಕಡೆ ಒಡೆಯ ಬಾಡಿಗೆ ಏರಿಸಲು ಗದರಬೇಕಾಗಿಲ್ಲ. ಇನ್ನೊಬ್ಬ ಯೆಹೂದ್ಯ ಬಂದು ಹೆಚ್ಚು ಕೊಡುತ್ತೇನೆ ಎಂದರೆ ಸಾಕು. ಕನ್ನಡದ 'ಒಕ್ಕಲೆಬ್ಬಿಸು' ಎಂಬ ಕ್ರಿಯಾಪದದಲ್ಲಿ ಎಬ್ಬಿಸುವವನ ಸುಳಿವಿಲ್ಲ, ಏಳಬೇಕಾದ ಒಕ್ಕಲು ಮಾತ್ರ ಕಾಣುತ್ತದೆ. ಇಲ್ಲಿ ಎಬ್ಬಿಸುತ್ತಿದ್ದವನು ಪಕ್ಕದ ಬೀದಿಯ ಇನ್ನೊಬ್ಬ ಒಕ್ಕಲೇ. ಇದನ್ನು ತಡೆಯುವ ಕಟ್ಟಳೆಯನ್ನು 11ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿದ್ದ ರಬ್ಬೇನು ಗೆರ್ಶೋಮ್ ಹಾಕಿದರು ಎಂಬುದು ಪರಂಪರೆಯ ನಂಬಿಕೆ. ಬಹುಪತ್ನಿತ್ವವನ್ನೂ, ಪರರ ಕಾಗದ ಒಡೆದು ಓದುವುದನ್ನೂ ಬಹಿಷ್ಕಾರದ ಬೆದರಿಕೆ ಒಡ್ಡಿ ನಿಷೇಧಿಸಿದರೆಂದು ಪ್ರಸಿದ್ಧರಾದವರು ಇವರೇ. ಫೆರಾರಾದ ಸಭೆ ಆಧಾರವಾಗಿ ಎತ್ತಿಕೊಂಡದ್ದೂ ಈ ಗೆರ್ಶೋಮರ ಹೆಸರನ್ನು. ಸಭೆಯ ಅಧ್ಯಕ್ಷತೆ ಪಾದುವಾದ ರಬ್ಬಿ ಮೇಯಿರ್ ಕಾಟ್ಸೆನೆಲೆನ್‌ಬೋಗೆನ್ ಅವರದು. ಹಿಂದಿನ ವರ್ಷ, 1553ರ ಸೆಪ್ಟೆಂಬರ್‌ನಲ್ಲಿ, ರೋಮಿನ ಕಾಂಪೊ ದೆ ಫಿಯೋರಿ ಚೌಕದಲ್ಲಿ ತಾಲ್ಮುಡ್ ಪ್ರತಿಗಳನ್ನು ರಾಶಿ ಹಾಕಿ ಸುಟ್ಟಿದ್ದರು. ಆದ್ದರಿಂದ ಮೂವರು ರಬ್ಬಿಗಳ ಒಪ್ಪಿಗೆಯಿಲ್ಲದೆ ಹೊಸ ಪುಸ್ತಕ ಅಚ್ಚು ಹಾಕಿಸಕೂಡದು ಎಂಬುದು ಈ ಸಭೆಯ ಹೆಸರಾಂತ ತೀರ್ಮಾನವಾಯಿತು. ಚರಿತ್ರೆಕಾರರು ಹೆಚ್ಚಾಗಿ ಅದನ್ನೇ ನೆನೆಯುತ್ತಾರೆ. ಬಾಡಿಗೆ ಮನೆಯ ಕಲಮು ಅದರ ನೆರಳಿನಲ್ಲಿ ಉಳಿದುಬಿಟ್ಟಿದೆ.

ಆ ಕಲಮಿನ ಸಾರ ಇಷ್ಟು. ಕ್ರೈಸ್ತ ಒಡೆಯನ ಮನೆಯಲ್ಲಿ ಬಾಡಿಗೆಗೆ ಇರುವ ಯೆಹೂದ್ಯನನ್ನು ಇನ್ನೊಬ್ಬ ಯೆಹೂದ್ಯ ಎಬ್ಬಿಸಕೂಡದು ಎಂಬ ಗೆರ್ಶೋಮರ ಕಟ್ಟಳೆಯನ್ನು ಹಲವರು ಮೀರುತ್ತಿದ್ದಾರೆ. ಒಡೆಯ ಮನೆ ಮಾರಿದರೆ ಒಳಗಿದ್ದವನ ಹಜಾಕಾ ಮುಗಿಯಿತು ಎಂದು ಅವರ ವಾದ. ಅದು ಸಲ್ಲದು, ಮನೆ ಕೈ ಬದಲಾದರೂ ಒಳಗಿರುವವನ ಹಜಾಕಾ ಹಾಗೆಯೇ ಉಳಿಯುತ್ತದೆ. ಇಲ್ಲಿ ಪದ ಮಾಡಿದ ಕೆಲಸ ನೋಡಿ. ಮಿಶ್ನಾದಲ್ಲಿ ಹಜಾಕಾ ಒಡೆತನ ತನ್ನದೆಂದು ತೋರಿಸುವ ಸಾಧನ. ಫೆರಾರಾದಲ್ಲಿ ಅದು ಒಡೆತನ ಯಾರದಾದರೇನು, ಯಾರಿಂದ ಯಾರಿಗೆ ಹೋದರೇನು, ಅದರ ಗೊಡವೆಯಿಲ್ಲದೆ ನಿಲ್ಲುವ ಹಕ್ಕು. ಇನ್ನೂ ಸೂಕ್ಷ್ಮವಾದದ್ದು, ಈ ಹಕ್ಕು ಒಡೆಯನ ಮೇಲೆ ಚಲಾಯಿಸುವುದೇ ಅಲ್ಲ. ಕ್ರೈಸ್ತ ಒಡೆಯನಿಗೆ ರಬ್ಬಿಗಳ ಕಟ್ಟಳೆ ಕಟ್ಟಿಕೊಂಡು ಏನಾಗಬೇಕು? ಅವನು ಬೇಕೆಂದರೆ ಬಾಡಿಗೆದಾರನನ್ನು ಹೊರಹಾಕಬಹುದು. ಆದರೆ ಖಾಲಿಯಾದ ಮನೆಗೆ ಇನ್ನೊಬ್ಬ ಯೆಹೂದ್ಯ ಕಾಲಿಡುವುದಿಲ್ಲ. ಹಜಾಕಾ ಕಟ್ಟಿಹಾಕುವುದು ಪ್ರತಿಸ್ಪರ್ಧಿಯನ್ನು. ಅದರ ಬಲ ಹಿಡಿದವನ ಮುಷ್ಟಿಯಲ್ಲಿಲ್ಲ, ಕೈ ಚಾಚದೆ ಉಳಿದ ನೆರೆಯವರ ಸಂಯಮದಲ್ಲಿದೆ. ಬಲ ಎಂಬ ಧಾತುವಿನಿಂದ ಹುಟ್ಟಿದ ಪದಕ್ಕೆ ಇದು ವಿಚಿತ್ರ ಗತಿಯೇ ಸರಿ.

ಈ ಅರ್ಥ ಗಾಳಿಯಿಂದ ಬಂದದ್ದಲ್ಲ. ತಾಲ್ಮುಡ್‌ನಲ್ಲಿ ಒಬ್ಬ ಬಡವನ ಪ್ರಸ್ತಾಪ ಬರುತ್ತದೆ. ಅವನು ರೊಟ್ಟಿಯೊಂದನ್ನು ಮಗುಚಿ ಮಗುಚಿ ನೋಡುತ್ತಿದ್ದಾನೆ, ಇನ್ನೂ ತನ್ನದಾಗಿಸಿಕೊಂಡಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಬಂದು ಎತ್ತಿಕೊಂಡು ಹೋಗುತ್ತಾನೆ. ಕಾನೂನಿನ ಪ್ರಕಾರ ರೊಟ್ಟಿ ಬಡವನದಲ್ಲ, ಆದರೂ ಎತ್ತಿಕೊಂಡವನನ್ನು ದುಷ್ಟ ಎಂದು ಕರೆಯಬೇಕು. ಬೆಸ್ತರ ಮಾತೂ ಇದೆ: ಒಬ್ಬ ಕಣ್ಣಿಟ್ಟ ಮೀನಿನಿಂದ, ಅದು ಈಜಬಲ್ಲಷ್ಟು ದೂರ, ಇನ್ನೊಬ್ಬ ಬಲೆಯನ್ನು ಆಚೆ ಇಡಬೇಕು. ನೀರಿನೊಳಗಿನ ಮೀನು ಯಾರದೂ ಅಲ್ಲ. ಆದರೂ ಹೊಟ್ಟೆಪಾಡಿನ ವಿಷಯದಲ್ಲಿ ಒಡೆತನಕ್ಕಿಂತ ಕೆಳಗೆ, ಬರೀ ಆಸೆಗಿಂತ ಮೇಲೆ, ಒಂದು ನಡುವಣ ಮೆಟ್ಟಿಲು ಉಂಟೆಂದು ಈ ಮಾತುಗಳು ಒಪ್ಪಿದ್ದವು. ಮಧ್ಯಯುಗದ ಸಮುದಾಯಗಳು ಆ ಮೆಟ್ಟಿಲಿಗೆ ಹಜಾಕಾ ಎಂಬ ಹಳೆಯ, ತೂಕದ ಹೆಸರಿಟ್ಟು, ಮೀರಿದವನಿಗೆ ಬಹಿಷ್ಕಾರದ ಭಯ ಹಾಕಿದವು.

ಇಲ್ಲಿ ಏಳುವ ಮೊದಲ ಆಕ್ಷೇಪಣೆ ಪಂಡಿತರದು. ಮನೆಯ ಕಟ್ಟಳೆ ನಿಜಕ್ಕೂ ಗೆರ್ಶೋಮರದೇ ಎಂಬುದಕ್ಕೆ ಭದ್ರ ಆಧಾರವಿಲ್ಲ. ನಂತರದವರ ಎಷ್ಟೋ ಕಟ್ಟಳೆಗಳು ಅವರ ಹೆಸರಿಗೆ ಸೇರಿಕೊಂಡಿವೆ. ಒಪ್ಪೋಣ. ಆದರೆ ಇದರಿಂದ ನನ್ನ ಮಾತು ಸಡಿಲಾಗುವುದಿಲ್ಲ, ಬಿಗಿಯಾಗುತ್ತದೆ. ದೊಡ್ಡವರ ಹೆಸರಿನ ಆಸರೆ ಬೇಕಾಗುವುದು ಮೂಲ ಗ್ರಂಥದ ಅಕ್ಷರ ಜೊತೆಗಿಲ್ಲದಾಗ. ಬಾಡಿಗೆದಾರನ ಹಜಾಕಾಕ್ಕೆ ಮಿಶ್ನಾದಲ್ಲಿ ನೇರ ನೆಲೆ ಸಿಕ್ಕಿದ್ದರೆ ಫೆರಾರಾದವರು ಐದು ಶತಮಾನ ಹಿಂದಿನ ಗೆರ್ಶೋಮರ ತನಕ ಹೋಗುವ ಪ್ರಮೇಯ ಬರುತ್ತಿರಲಿಲ್ಲ.

ಎರಡನೆಯದು ಹೆಚ್ಚು ಕಟುವಾದದ್ದು. ಇದು ಒಳಗಿದ್ದವರು ಹೊರಗಿನವರ ವಿರುದ್ಧ ಮಾಡಿಕೊಂಡ ಕೂಟವಲ್ಲವೆ? ಹೊಸದಾಗಿ ಮದುವೆಯಾದವನು, ಬೇರೆ ಊರಿಂದ ಓಡಿಬಂದವನು ಎಲ್ಲಿಗೆ ಹೋಗಬೇಕು? ಈ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಇಟಲಿಯಲ್ಲಿ ಹಜಾಕಾ ಬರಬರುತ್ತ ಮಾರಾಟದ ವಸ್ತುವಾಯಿತು. ಅಪ್ಪನಿಂದ ಮಗನಿಗೆ ಬಂತು, ದಾನವಾಗಿ ಹೋಯಿತು, ಮಗಳ ಬಳುವಳಿಯಲ್ಲಿ ಸೇರಿತು. ಹಜಾಕಾ ತರುವ ಹುಡುಗಿ ಒಳ್ಳೆಯ ಸಂಬಂಧ ಎನಿಸಿಕೊಳ್ಳುತ್ತಿದ್ದಳು. ಒಡೆಯನ ಜೇಬಿಗೆ ಬೀಳಬಹುದಾಗಿದ್ದ ಹಣ ಹೀಗೆ ಹಕ್ಕು ಬಿಟ್ಟುಕೊಡುವವನ ಜೇಬಿಗೆ ಬಿತ್ತು. ಹೊಸಬನಿಗೆ ಮನೆ ಪುಕ್ಕಟೆಯಾಗಿ ಸಿಗಲಿಲ್ಲ. ಆದರೆ ಕಟ್ಟಳೆ ಇಲ್ಲದ ಕಡೆ ಏನಾಗುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1516ರ ಮಾರ್ಚ್ 29ರಂದು ವೆನಿಸ್ ಗಣರಾಜ್ಯ ಯೆಹೂದ್ಯರನ್ನೆಲ್ಲ ಹಳೆಯ ಎರಕದ ಕಾರ್ಖಾನೆಯಿದ್ದ ದ್ವೀಪಕ್ಕೆ ಸಾಗಿಸುವಂತೆ ಆಜ್ಞೆ ಮಾಡಿದಾಗ, ಅಲ್ಲಿದ್ದ ಕ್ರೈಸ್ತ ಬಾಡಿಗೆದಾರರು ಜಾಗ ಬಿಟ್ಟರು, ಹೊಸದಾಗಿ ಬಂದವರಿಗೆ ಬಾಡಿಗೆ ಮೂರನೆಯ ಒಂದು ಪಾಲು ಹೆಚ್ಚಾಯಿತು. ಎರಕ ಹೊಯ್ಯುವುದಕ್ಕೆ ಅಲ್ಲಿಯ ಮಾತಾದ 'ಗೆತ್ತೊ'ದಿಂದಲೇ ಯೆಹೂದ್ಯರನ್ನು ಕೂಡಿಹಾಕಿದ ಕೇರಿಗೆ 'ಘೆಟ್ಟೊ' ಎಂಬ ಪದ ಬಂತೆಂದು ಹೆಚ್ಚಿನವರ ಮತ. ಜನ ಹೆಚ್ಚಿದಂತೆ ಅಲ್ಲಿನ ಮನೆಗಳು ಮೇಲಕ್ಕೆ ಬೆಳೆದವು: ಮಹಡಿಯ ಮೇಲೆ ಮಹಡಿ, ಕೈಯೆತ್ತಿದರೆ ತಾಕುವ ಸೂರು, ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ ಸಭಾಮಂದಿರ. ಈ ಗೋಡೆ, ಮೆಟ್ಟಿಲುಗಳಿಗೆ ಖರ್ಚು ಮಾಡುವ ಬಾಡಿಗೆದಾರ ನಾಳೆಯೂ ತಾನೇ ಇರುತ್ತೇನೆಂಬ ಭರವಸೆಯಿಲ್ಲದೆ ಒಂದು ಇಟ್ಟಿಗೆಯನ್ನೂ ಇಡುತ್ತಿರಲಿಲ್ಲ. ಹಕ್ಕಿಗೆ ಬೆಲೆ ಬಂದದ್ದರಿಂದ ಹೊಸಬರಿಗೆ ಕಷ್ಟವಾಯಿತು ನಿಜ, ಆದರೆ ಆ ಬೆಲೆಯನ್ನು ಕೊಂಡವನು ಮುಂದೊಮ್ಮೆ ಮಾರಿ ವಾಪಸು ಪಡೆಯಬಹುದಿತ್ತು. ಏರಿಸಿದ ಬಾಡಿಗೆ ಹೋದದ್ದು ಹೋದಂತೆಯೇ.

ಇನ್ನೊಂದು ವಾದ: ಇದೆಲ್ಲ ರಬ್ಬಿಗಳ ಮಾತಿನಿಂದ ಆದದ್ದಲ್ಲ, ಪೋಪರ ಕಾನೂನಿನಿಂದ. ತಾರೀಖುಗಳನ್ನು ಸಾಲಾಗಿಟ್ಟು ನೋಡಬೇಕು. ಫೆರಾರಾದ ಸಭೆ 1554ರ ಜೂನ್. ನಾಲ್ಕನೆಯ ಪೌಲ್ ಪೋಪ್ ರೋಮಿನ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿ, ಅವರ ಸ್ಥಿರಾಸ್ತಿಯನ್ನು ಮಾರಿಬಿಡುವಂತೆ ಆಜ್ಞೆ ಹೊರಡಿಸಿದ್ದು 1555ರ ಜುಲೈ 14. ಘೆಟ್ಟೊದ ಬಾಡಿಗೆಗೆ ಮಿತಿಯಿರಲಿ ಎಂದು ನಾಲ್ಕನೆಯ ಪಯಸ್ ಹೇಳಿದ್ದು 1562. ಕಟ್ಟಳೆ ಮೊದಲು, ಕಾನೂನು ಆಮೇಲೆ. ಬಾಡಿಗೆ ಏರಿಸುವಂತಿಲ್ಲ, ಕೊಡುತ್ತಿರುವವರೆಗೆ ಎಬ್ಬಿಸುವಂತಿಲ್ಲ ಎಂಬ ಪದ್ಧತಿ ರಾಜ್ಯದ ಬೆಂಬಲದಿಂದ ಗಟ್ಟಿಯಾಯಿತೆಂಬುದೇನೋ ಸರಿ. ಆದರೆ ಬಹಿಷ್ಕಾರಕ್ಕೆ ತನ್ನದೇ ಹಲ್ಲಿತ್ತು ಎಂಬುದಕ್ಕೆ ಒಡೆಯರ ಕಡೆಯಿಂದಲೇ ಸಾಕ್ಷಿ ಸಿಗುತ್ತದೆ. ರೋಮಿನಲ್ಲಿ 1656ರ ಪ್ಲೇಗ್ ಬಂದು ಹೋದ ಮೇಲೆ, 1658ರಲ್ಲಿ ಏಳನೆಯ ಅಲೆಕ್ಸಾಂಡರ್ ಪೋಪ್ ಒಂದು ಆಜ್ಞೆ ಹೊರಡಿಸಿದ. ಘೆಟ್ಟೊದಲ್ಲಿ ಖಾಲಿ ಬಿದ್ದ ಮನೆಗಳ ಬಾಡಿಗೆಯನ್ನೂ ಯೆಹೂದ್ಯರೇ ತೆರಬೇಕು ಎಂದು. ಒಬ್ಬ ಯೆಹೂದ್ಯನನ್ನು ಎಬ್ಬಿಸಿದ ಒಡೆಯನ ಮನೆಯನ್ನು ಬೇರೆ ಯಾವ ಯೆಹೂದ್ಯನೂ ಹಿಡಿಯುವುದಿಲ್ಲ, ಅದಕ್ಕೇ ಈ ಕ್ರಮ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಗೋಡೆಯೊಳಗೆ ಕಿಕ್ಕಿರಿದ ಜನ, ಕಣ್ಣೆದುರಿಗೆ ಬೀಗ ಹಾಕಿದ ಮನೆ, ಆದರೂ ಬಾಗಿಲು ತಟ್ಟುವವರಿಲ್ಲ. ಇದನ್ನು ಮುರಿಯಲು ಪೋಪರು ಇಡೀ ಸಮುದಾಯಕ್ಕೆ ದಂಡ ಕಟ್ಟಬೇಕಾಯಿತು.

ಪದದ ವೇಷ ಬದಲಾದದ್ದೂ ಇದೇ ಸುಮಾರಿಗೆ. ಹಜಾಕಾದ ಮೊದಲಕ್ಷರ ಗಂಟಲಿನಿಂದ ಉಜ್ಜಿ ಹೊರಡಿಸುವ ಹಕಾರ. ಇಟಾಲಿಯನ್ ಬಾಯಿಗೆ ಹಕಾರವೇ ಹೊರಳುವುದಿಲ್ಲ. ಹಾಗಾಗಿ ಅದು ಕಜಾಕಾ, ಕಸಾಕಾ, ಗಜಗಾ ಎಂದೆಲ್ಲ ಆಗಿ, ವಕೀಲರ ಲ್ಯಾಟಿನ್ ಜೊತೆ ಸೇರಿ 'ಯೂಸ್ ಗಜಗಾ' ಎಂದು ನಿಂತಿತು. (ಉತ್ತರ ಕರ್ನಾಟಕದ ಮಕ್ಕಳು ಆಡುವ ಗಜಗಕ್ಕೂ ಇದಕ್ಕೂ ನಂಟು ಹುಡುಕಬೇಡಿ.) ಕಸಾಕಾ ಎಂದವರ ಕಿವಿಗೆ ಮನೆ ಎಂಬರ್ಥದ 'ಕಾಸಾ' ಕೇಳಿಸಿದ್ದರೂ ಅಚ್ಚರಿಯಿಲ್ಲ. ಯೂಸ್ ಎಂದರೆ ಹಕ್ಕು, ರೋಮನ್ ಕಾನೂನಿನ ಮಹಾಶಬ್ದ. ಅದರ ಪಕ್ಕದಲ್ಲಿ, ಮನೆ ಕೊಳ್ಳಬಾರದೆಂದು ತಡೆದ ಜನರ ಶಬ್ದ. ಲ್ಯಾಟಿನ್‌ನಲ್ಲಿ ಗುತ್ತಿಗೆಗೆ, ಭೋಗಕ್ಕೆ, ಸ್ವಾಧೀನಕ್ಕೆ ಬೇಕಾದಷ್ಟು ಹೆಸರುಗಳಿದ್ದವು. ಆದರೂ ಅವುಗಳಲ್ಲಿ ಯಾವುದೂ ಇದಕ್ಕೆ ಹೊಂದಲಿಲ್ಲ, ಯಾಕೆಂದರೆ ಈ ಹಕ್ಕು ಒಡೆಯನೂ ಬಾಡಿಗೆದಾರನೂ ಸಹಿ ಹಾಕಿದ ಯಾವ ಕರಾರಿನಿಂದಲೂ ಹುಟ್ಟಿರಲಿಲ್ಲ. ಪೋಲೆಂಡಿನಲ್ಲಿ ಇದೇ ಪದ ಬೇರೆ ಕೆಲಸಕ್ಕೆ ನಿಂತಿತು. ಅಲ್ಲಿ ಜಮೀನುದಾರರ ಹೆಂಡದ ಅಂಗಡಿ, ಹಿಟ್ಟಿನ ಗಿರಣಿಗಳನ್ನು ಗುತ್ತಿಗೆ ಹಿಡಿದ ಯೆಹೂದ್ಯನ ಮೇಲೆ ಇನ್ನೊಬ್ಬ ಹೆಚ್ಚಿಗೆ ಕೂಗಬಾರದು ಎಂಬ ಕಟ್ಟುಪಾಡಿಗೂ ಹಜಾಕಾ ಎಂದೇ ಹೆಸರು.

ರೋಮಿನ ಘೆಟ್ಟೊ 1870ರಲ್ಲಿ ಕೊನೆಗೊಂಡಿತು, ಮುಂದೆ ಅದರ ಮನೆಗಳನ್ನೂ ಕೆಡವಿದರು. ಯೂಸ್ ಗಜಗಾ ಈಗ ಚರಿತ್ರೆಯ ಪುಸ್ತಕಗಳಲ್ಲಷ್ಟೇ ಸಿಗುವ ಮಾತು. ಹೀಬ್ರೂವಿನ ಧಾತು ಮಾತ್ರ ಬೀದಿಗೆ ಮರಳಿದೆ. ಇಸ್ರೇಲಿನಲ್ಲಿ ಲಿಫ್ಟು ರಿಪೇರಿ, ಪೈಪು ರಿಪೇರಿಯಂಥ ನಿರ್ವಹಣೆಗೆ 'ತಹಜುಕಾ' ಎನ್ನುತ್ತಾರೆ. ಇನ್ನು ನಗರಸಭೆಯ ಆಸ್ತಿ ತೆರಿಗೆ 'ಅರ್ನೋನಾ' ಬೀಳುವುದು ಮನೆಯ ಒಡೆಯನ ಮೇಲಲ್ಲ, 'ಮಹಜಿಕ್' ಮೇಲೆ. ಮಹಜಿಕ್ ಎಂದರೆ ಹಿಡಿದುಕೊಂಡಿರುವವನು. ಬಾಡಿಗೆಗೆ ಮನೆ ಹಿಡಿದವನು ನಗರಸಭೆಯ ಪುಸ್ತಕದಲ್ಲಿ ತನ್ನ ಹೆಸರು ಬರೆಸಿ, ಬಾಡಿಗೆಯ ಜೊತೆಗೆ ಅದನ್ನೂ ಕಟ್ಟುತ್ತಾನೆ.