ಹಸುವಿನ ಗೋತ್ರ

'ಗೋತ್ರ' ಎಂಬ ಮಾತಿಗೆ ಋಗ್ವೇದದಲ್ಲಿ ದನದ ದೊಡ್ಡಿಯೆಂದು ಅರ್ಥ. ಅದು ವಂಶದ ಹೆಸರಾದದ್ದೂ ಸಗೋತ್ರ ವಿವಾಹ ನಿಷಿದ್ಧವಾದದ್ದೂ ಆಮೇಲಿನ ಸಂಗತಿ. ದೊಡ್ಡಿಯ ಹೆಸರನ್ನು ತನಗಿಟ್ಟುಕೊಂಡ ಮನುಷ್ಯ ದೊಡ್ಡಿಯೊಳಗಿನ ಹಸುವಿನ ಗೋತ್ರವನ್ನು ಮಾತ್ರ ವಿಚಾರಿಸಲಿಲ್ಲ.

ನನ್ನ ಬಾಲ್ಯದ ಬೀಜಾಡಿಯಲ್ಲಿ ಹಟ್ಟಿಹಟ್ಟಿಯಲ್ಲೂ ಊರ ಗಂಟಿಗಳಿದ್ದವು. ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಈಗ 'ಮಲೆನಾಡು ಗಿಡ್ಡ' ಎಂದು ದಾಖಲಿಸಿರುವ ತಳಿ ಅದು. ಗಂಡುಕರುಗಳ ಬೀಜ ಒಡೆಸಿ ನೊಗಕ್ಕೆ ಹೂಡುತ್ತಿದ್ದರು. ಹೋರಿಯಾಗಿ ಉಳಿಯುತ್ತಿದ್ದುದು ಒಂದೋ ಎರಡೋ. ಕೆಲವು ವರ್ಷ ಕಳೆದರೆ ಅದರ ಮಗಳೇ ಅದರ ಬಳಿಗೆ ಬರುತ್ತಿದ್ದಳು.

ಇದರ ಪರಿಣಾಮಕ್ಕೆ ಗಣಿತವನ್ನು ಒದಗಿಸಿದವನು ಅಮೆರಿಕದ ಸೀವಾಲ್ ರೈಟ್. ಒಳಸಂತಾನದ ಪ್ರಮಾಣವನ್ನು ಅಳೆಯುವ ಬಗೆಯನ್ನು ಅವನು 1922ರಲ್ಲಿ ಪ್ರಕಟಿಸಿದ. ತಂದೆಮಗಳ ಕೂಟದಿಂದ ಹುಟ್ಟಿದ ಕರುವಿನಲ್ಲಿ ಅದು ನಾಲ್ಕನೆಯ ಒಂದು ಪಾಲು. ಇದು ಬೆಳೆದಂತೆ ಹಸುಗಳು ಗಬ್ಬವಾಗುವುದು ತಡವಾಗುತ್ತದೆ, ಕರುಗಳ ಕಸುವು ಕುಗ್ಗುತ್ತದೆ. ಅದೇ ವಿದ್ವಾಂಸನ ಇನ್ನೊಂದು ಲೆಕ್ಕ ಮತ್ತೂ ಕುತೂಹಲದ್ದು. ನೂರು ಹಸುಗಳಿಗೆ ಒಂದೇ ಹೋರಿಯಿದ್ದರೆ ವಂಶವೈವಿಧ್ಯದ ದೃಷ್ಟಿಯಿಂದ ಆ ಹಿಂಡಿನ ಬೆಲೆ ಸುಮಾರು ನಾಲ್ಕೇ ತಲೆ! ಹೋರಿ ಹತ್ತಾದರೆ 36. ಹಸುಗಳನ್ನಷ್ಟೇ ಎಣಿಸಿ ಸಮಾಧಾನಪಡುವವರು ಇದನ್ನು ಗಮನಿಸಬೇಕು.

ಇದು ಬಡವರ ಹಟ್ಟಿಯ ಮಾತಾಯಿತು. ಅರಮನೆಯ ಹಟ್ಟಿಗೂ ವಿಪತ್ತು ತಪ್ಪಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯಿತು. ಕಾವಲುಗಳಲ್ಲಿ ಮೇದು ಬೆಳೆದ ಆ ಎತ್ತುಗಳು ಫಿರಂಗಿಗಳನ್ನೆಳೆದವು. 1799ರ ಬಳಿಕ ಹಿಂಡು ಬ್ರಿಟಿಷರ ಕೈಸೇರಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನು ಮಾರಿ ಚದುರಿಸಿದರು. ತಪ್ಪು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1866ರಲ್ಲಿ ಹಿಂಡನ್ನು ಮತ್ತೆ ಕಟ್ಟತೊಡಗಿದರು. ಆದರೆ ಚದುರಿದ ಹಿಂಡಿನಿಂದ ಹಿಂದಿರುಗುವುದು ಒಂದು ಪಾಲು ಮಾತ್ರ. ಹೋರಿಗಳ ಎಷ್ಟೋ ವಂಶಗಳು ಆ ಆರು ವರ್ಷಗಳಲ್ಲೇ ಕಡಿದುಹೋಗಿರಬೇಕೆಂದು ನನ್ನ ಊಹೆ. ಹಣ ತೆತ್ತು ತಲೆಗಳನ್ನು ಕೂಡಿಸಬಹುದು, ಕಡಿದ ವಂಶವನ್ನು ಕೊಳ್ಳುವ ಸಂತೆ ಯಾವುದು?

ಗಿಡ್ಡ ತಳಿಗೆ ಇಂಥ ಮಹಲೂ ಇರಲಿಲ್ಲ, ದಫ್ತರವೂ ಇರಲಿಲ್ಲ. ಮಿಶ್ರತಳಿಯ ಹಸುಗಳು ಬಂದವು, ಗದ್ದೆಗೆ ಯಂತ್ರ ಇಳಿಯಿತು, ಹೋರಿ ಸಾಕುವುದು ದಂಡವೆನಿಸಿತು. ಗಿಡ್ಡ ಗಂಟಿಗಳನ್ನು ಸಾಕುತ್ತಿರುವ ಶ್ರೋತೃಗಳು ಹೋರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ದೂರದ ಊರಿನ ಹೋರಿಯೊಡನೆ ಬದಲಾಯಿಸಿಕೊಳ್ಳುವುದು ಒಳಿತು. ಕರುವಿನ ತಾಯಿತಂದೆಯರನ್ನು ಬರೆದಿಡುವುದಕ್ಕೆ ಖರ್ಚೇನೂ ಇಲ್ಲ.

ಕಳೆದ ಮಳೆಗಾಲದಲ್ಲಿ ಬೀಜಾಡಿಯ ಮನೆಯೊಂದರಲ್ಲಿ ಗಿಡ್ಡ ಹಸುವಿನ ಕರುವನ್ನು ಕಂಡು, ಇದರ ತಂದೆ ಯಾವುದೆಂದು ಕೇಳಿದೆ. "ಅದೆಲ್ಲ ಯಾರ್ ಬರ್ದಿಡ್ತ್ರ್ ಮಾರಾಯ್ರೆ?" ಎಂದು ಮನೆಯಾಕೆ ನಕ್ಕರು. ಗೋಡೆಯ ಪಂಚಾಂಗದ ಮೇಲೆ ಕರು ಹುಟ್ಟಿದ ದಿನವನ್ನೂ ತಾಯಿಯ ಹೆಸರನ್ನೂ ಬರೆಸಿ ಬಂದೆ. ತಂದೆಯ ಸ್ಥಳ ಖಾಲಿ ಉಳಿಯಿತು.