ಮನೆಗೊಂದು ಹಣ: ಬೆಳಗೊಳದ ಶಾಸನವೊಂದರಲ್ಲಿ ಆಯವ್ಯಯದ ಕಟ್ಟಳೆ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಶಕವರ್ಷ 1290ರ (ಕ್ರಿ.ಶ. 1368) ಶಾಸನವು ಜೈನ-ಶ್ರೀವೈಷ್ಣವ ಸೌಹಾರ್ದದ ಸಾಕ್ಷಿಯೆಂದು ವಿದ್ವಾಂಸರಿಗೆ ಸುಪರಿಚಿತವಾಗಿದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದೆಡೆಗಳ ಭವ್ಯಜನರು ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡುದು, ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ ಪಂಚಮಹಾವಾದ್ಯ ಹಾಗೂ ಕಲಶದ ಹಕ್ಕನ್ನು ಜೈನದರ್ಶನಕ್ಕೆ ಸ್ಥಿರಪಡಿಸಿದುದು ಬಹುಚರ್ಚಿತ ಸಂಗತಿಗಳು. ಆದರೆ ಶಾಸನದ ಉತ್ತರಭಾಗವು ಬೇರೊಂದು ದೃಷ್ಟಿಯಿಂದಲೂ ಪರಿಶೀಲನಾರ್ಹವಾಗಿದೆ. ಅದು ಸಮುದಾಯವೊಂದು ಲೋಕಹಿತಕ್ಕಾಗಿ ತಾನೇ ಒಪ್ಪಿಕೊಂಡ ತೆರಿಗೆಯ ಆಯವ್ಯಯಪತ್ರ.

ಅಂದಿನ ಕನ್ನಡನಾಡಿನಲ್ಲಿ ಭೂಮಿಯ ಸಿದ್ಧಾಯ, ಸರಕಿನ ಸುಂಕ, ಮನೆವಣ ಮುಂತಾದ ತೆರಿಗೆಗಳು ರೂಢಿಯಲ್ಲಿದ್ದವು. ಬೆಳಗೊಳದ ಕಟ್ಟಳೆಯು ಮನೆಯನ್ನೇ ಘಟಕವಾಗಿ ಹಿಡಿದಿದೆ. ರಾಜ್ಯದೊಳಗಿನ ಜೈನರು ಬಾಗಿಲುಗಟ್ಟಳೆಯಾಗಿ ವರ್ಷಕ್ಕೆ ಮನೆಯೊಂದಕ್ಕೆ 1 ಹಣ ಕೊಡತಕ್ಕದ್ದು. ಇದು ಭವ್ಯಜನರ ಅನುಮತದಿಂದಲೇ ವಿಧಿಸಲ್ಪಟ್ಟಿತೆಂಬುದು ಗಮನಾರ್ಹ. ಸಿರಿವಂತರಿಗೂ ಬಡವರಿಗೂ ಪ್ರಮಾಣ ಒಂದೇ ಆದುದರಿಂದ ಹೊರೆ ಸಮನಾಗಿರಲಿಲ್ಲವೆಂಬುದು ನಿಜ. ಆದರೆ ಆಸ್ತಿಯ ಅಳತೆಗೂ ತಕರಾರಿಗೂ ಅವಕಾಶವಿರಲಿಲ್ಲ, ಬಾಗಿಲನ್ನೆಣಿಸಿದರೆ ಸಾಕಾಗಿತ್ತು.

ವ್ಯಯದ ಕ್ರಮವು ಇನ್ನೂ ಸೂಕ್ಷ್ಮವಾಗಿದೆ. ಕೂಡಿದ ಹೊನ್ನಿನಿಂದ ಮೊದಲು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸೊದೆಯಿಡಿಸಬೇಕು. ಇಲ್ಲಿ ಕಾವಲಿನ ಆಳುಗಳ ಸಂಖ್ಯೆ ನಿಯತ, ಜೀರ್ಣೋದ್ಧಾರದ ಮೊತ್ತ ಅನಿಯತ. ಆದಾಯ ಕುಗ್ಗಿದ ವರ್ಷ ಸುಣ್ಣದ ಕೆಲಸ ನಿಂತೀತು, ಕಾವಲು ನಿಲ್ಲದು. ಹೆಚ್ಚಿದ ವರ್ಷ ಉಳಿಕೆಯು ಯಾರ ಕೈಯಲ್ಲಿಯೂ ಉಳಿಯದಂತೆ ಅದರ ದಾರಿಯನ್ನು ಮೊದಲೇ ಗೊತ್ತುಮಾಡಲಾಗಿದೆ. ಈ ಏರ್ಪಾಡಿನಲ್ಲಿ ಅರಮನೆಗೆ ಪಾಲನ್ನು ಹೇಳಿಲ್ಲ.

ಈ ಹಣದ ನಿರ್ವಹಣೆ ಜೈನರ ಕೈಯಲ್ಲಿರದೆ ತಿರುಮಲೆಯ ತಾತಯ್ಯನ ಪಾಲಿಗೆ ಬಂದುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಕೊಡುವವರು ಜೈನರು, ಕಾವಲಿಡುವವರು ವೈಷ್ಣವರು. ಇದನ್ನು ದುರ್ಬಲರು ತೆತ್ತ ಕಾಣಿಕೆಯೆಂದು ಬಗೆಯಲು ಅವಕಾಶವುಂಟು. ಆದರೆ ಹಾಗೆ ಬಗೆದರೆ ಮಿಕ್ಕ ಹೊನ್ನು ಜಿನಾಲಯಗಳಿಗೇ ಸಲ್ಲಬೇಕೆಂಬ ವಿಧಿಗೂ, ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ಈ ಶಾಸನವನ್ನು ನೆಡಿಸಿ ಪಾಲಿಸಬೇಕೆಂಬ ವಿಧಿಗೂ ಅರ್ಥವುಳಿಯದು. ವಿವಾದದ ಪ್ರತಿಪಕ್ಷವನ್ನೇ ರಕ್ಷಣೆಯ ಹೊಣೆಗಾರನನ್ನಾಗಿ ಮಾಡಿದುದು ಈ ಕಟ್ಟಳೆಯ ಮರ್ಮವೆಂದು ತಿಳಿಯುವುದೇ ಯುಕ್ತ. ಮಾಗಡಿ ಸೀಮೆಯ ಕಲ್ಯದಲ್ಲಿ ದೊರೆತ ಇದರ ಇನ್ನೊಂದು ಪ್ರತಿ ಆ ವಿಧಿ ಬರಿಯ ಮಾತಾಗಿರಲಿಲ್ಲವೆಂಬುದಕ್ಕೆ ಪ್ರಮಾಣ.

ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆನಿಸುತ್ತಾನೆ. ತಪಸ್ವಿಗಾಗಲಿ ಗ್ರಾಮದ ಮುಖ್ಯನಿಗಾಗಲಿ ವಿನಾಯಿತಿಯಿಲ್ಲ. ಅನಂತರ ಕಲ್ಲೆಹದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹಮಾಡಿ, ತಾತಯ್ಯನನ್ನು ಬರಿಸಿ ಶಾಸನವನ್ನು ಜೀರ್ಣೋದ್ಧಾರಮಾಡಿಸಿದಾಗ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಕಲಹವನ್ನು ನಿಲ್ಲಿಸಿದುದು ಅರಸನ ಆಜ್ಞೆ; ಅದು ಮರುಕಳಿಸದಂತೆ ಕಾಯುವ ಭಾರವನ್ನು ವರ್ಷವರ್ಷವೂ ಹೊತ್ತುದು ಮನೆಮನೆಯ ಒಂದು ಹಣ.